ಸೆಕೆಂಡ್ ಲೈಫ್‌ನಲ್ಲಿ ನನ್ನ ಮೊದಲ ಶಿಲ್ಪ: ಬ್ಲೆಂಡರ್‌ನಲ್ಲಿ ಸರಿಯಿದ್ದವಳು ಅಲ್ಲಿ ಕುಳ್ಳಿಯಾಗಿ ಕಾಣ್ತಾಳೆ

ಬಳಪದಕಲ್ಲು | ಶನಿವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಹಳ ದಿನದಿಂದ ಓದ್ತಾ ಇದ್ದೀನಿ, ಬರೀತಿರೋದು ಇದೇ ಮೊದಲು.

ನಮ್ಮದು ಕೋಲಾರ ಜಿಲ್ಲೆಯ ಶಿವಾರಪಟ್ಟಣ. ಮನೆತನದ ಕೆಲಸ ಕಲ್ಲು. ಪಿಯುಸಿ ಮುಗಿಯೋವರೆಗೂ ರಜೆ ಬಂತು ಅಂದ್ರೆ ಅಪ್ಪನ ಪಕ್ಕ ಚಾಣ ಹಿಡಿದು ಕೂತವಳು ನಾನು. ಈಗ ಬೆಂಗಳೂರಲ್ಲಿ ಗೇಮ್‌ಗಳಿಗೆ ಮಾಡೆಲ್ ಮಾಡೋ ಉದ್ಯೋಗ. ಹಗಲು ಬಾಗಿಲು, ಪೆಟ್ಟಿಗೆ, ಬಂದೂಕು ಮಾಡ್ತೀನಿ. ರಾತ್ರಿ ಮಾತ್ರ ನನ್ನದು. ಆ ರಾತ್ರಿಗಳಲ್ಲಿ ಎಂಟು ತಿಂಗಳು ಕೂತು ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಒಂದು ಶಿಲ್ಪ ಮಾಡಿದೀನಿ. ಹೂ ಕಟ್ಟುವವಳು. ಒಂದು ಕಾಲು ಮಡಿಸಿ, ಇನ್ನೊಂದು ಚಾಚಿ, ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಮಾಲೆ ಕಟ್ತಿದ್ದಾಳೆ. ಮುಖ ತಗ್ಗಿಸಿದ್ದಾಳೆ, ಕಣ್ಣು ಪೂರ್ತಿ ದಾರದ ಮೇಲೆ.

ಸೆಕೆಂಡ್ ಲೈಫ್ ಅನ್ನೋ ಆನ್‌ಲೈನ್ 3ಡಿ ಲೋಕದಲ್ಲಿ ಒಂದು ಸಣ್ಣ ಗ್ಯಾಲರಿ ನಡೆಸುವವರು ಒಂದು ತಿಂಗಳ ಮಟ್ಟಿಗೆ ಜಾಗ ಕೊಟ್ಟಿದ್ದಾರೆ. ನಿನ್ನೆ ಮೊದಲ ಸಲ ಅಲ್ಲಿ ಇಟ್ಟು ನೋಡಿದೆ. ಅಳು ಬಂತು.

ಒಂದು, ಅವಳು ಕುಳ್ಳಿಯಾಗಿ ಕಾಣ್ತಾಳೆ. ತಲೆ ದೊಡ್ಡದು, ಕಾಲು ಚಿಕ್ಕದು. ಅಳತೆ ಮತ್ತೆ ಮತ್ತೆ ನೋಡಿದೆ, ಎಲ್ಲೂ ತಪ್ಪಿಲ್ಲ. ಎರಡು, ಹತ್ತು ಹೆಜ್ಜೆ ಹಿಂದೆ ಹೋದರೆ ಬೆರಳುಗಳು ಕರಗಿ ಮುದ್ದೆಯಾಗ್ತವೆ, ದಾರ ಮಾಯ. ದಾರವೇ ಇಲ್ಲದಿದ್ದರೆ ಅವಳು ಏನು ಮಾಡ್ತಿದ್ದಾಳೆ ಅಂತ ಯಾರಿಗೆ ಗೊತ್ತಾಗುತ್ತೆ? ಮೂರು, ಬಂದವರು ಅವಳ ಮಡಿಲಿನ ಮೂಲಕ ನಡೆದುಕೊಂಡು ಹೋಗ್ತಾರೆ. ಅದನ್ನ ನೋಡೋಕಾಗಲಿಲ್ಲ.

ಗ್ಯಾಲರಿಯವರು 300 ಲ್ಯಾಂಡ್ ಇಂಪ್ಯಾಕ್ಟ್‌ಗೆ (ವಸ್ತು ಆ ಜಾಗದ ಮೇಲೆ ಹಾಕೋ ಹೊರೆಯ ಲೆಕ್ಕ) ಮಿತಿ ಹಾಕಿದ್ದಾರೆ, ಇವಳೊಬ್ಬಳೇ 214 ತಿಂತಾಳೆ. ಪ್ರದರ್ಶನ ಶುರುವಾಗೋಕೆ ಇನ್ನು ಹದಿನೈದು ದಿನ. ಗೊತ್ತಿರುವವರು ದಾರಿ ತೋರಿಸಿ.

ಹಳೇಪ್ರಿಮ್ | ಭಾನುವಾರ, ಬೆಳಗ್ಗೆ 6:15

ಶಿವಾರಪಟ್ಟಣದ ಕೈ ಸೆಕೆಂಡ್ ಲೈಫ್‌ಗೆ ಬಂದಿದೆ ಅಂತ ಓದಿ ಬಹಳ ಸಂತೋಷವಾಯಿತಮ್ಮ. ನಾನು ಮೈಸೂರಿನವನು, ಟೊರಾಂಟೋದಲ್ಲಿದ್ದೇನೆ. 2007ರಿಂದ ಆ ಲೋಕದಲ್ಲಿ ಓಡಾಡುತ್ತಿದ್ದೇನೆ.

ನಿಮ್ಮ ಅಳತೆಯಲ್ಲಿ ತಪ್ಪಿಲ್ಲ. ತೊಂದರೆ ಇರುವುದು ಕ್ಯಾಮೆರಾದಲ್ಲಿ. ಬ್ಲೆಂಡರ್‌ನಲ್ಲಿ ನೀವು ಅವಳ ಎದುರು ಕೂತು, ಅವಳ ಕಣ್ಣಿನ ಮಟ್ಟದಲ್ಲಿ ನೋಡುತ್ತಾ ಕೆತ್ತಿದ್ದೀರಿ. ಸೆಕೆಂಡ್ ಲೈಫ್‌ನಲ್ಲಿ ಬಂದವರ ಕಣ್ಣು ಅವರ ಮುಖದಲ್ಲಿ ಇರುವುದಿಲ್ಲ. ಅವತಾರದ, ಅಂದರೆ ಅಲ್ಲಿ ಅವರ ಬದಲಿಗೆ ಓಡಾಡುವ ಬೊಂಬೆಯ, ಬೆನ್ನ ಹಿಂದೆ, ತಲೆಗಿಂತ ಮೇಲೆ ತೇಲುತ್ತಿರುತ್ತದೆ. ಜೊತೆಗೆ ಅಲ್ಲಿನ ಅವತಾರಗಳು ಬಹುಪಾಲು ಏಳಡಿ ಎತ್ತರ. ಹಾಗಾಗಿ ನಿಮ್ಮ ಹೂವಾಡಗಿತ್ತಿಯನ್ನು ಎಲ್ಲರೂ ಮಹಡಿಯ ಕಿಟಕಿಯಿಂದ ಇಣುಕಿದಂತೆ ನೋಡುತ್ತಾರೆ. ನೆತ್ತಿ ಹತ್ತಿರ, ಪಾದ ದೂರ. ಮುಖ ತಗ್ಗಿಸಿದ್ದಾಳೆ ಎಂದಿರಿ. ಹಾಗಾದರೆ ಬಂದವರಿಗೆ ಕಾಣುವುದು ಬೈತಲೆ ಮಾತ್ರ.

ಬೇಲೂರಿನ ಮದನಿಕೆಯರನ್ನು ನೆನೆಸಿಕೊಳ್ಳಿ. ಸೂರಿನ ಕೆಳಗೆ ಓರೆಯಾಗಿ, ಕೆಳಗೆ ನಿಂತವನ ಕಡೆ ಬಾಗಿದ್ದಾರೆ. ನೋಡುವವನು ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ತಿಳಿದೇ ಕೆತ್ತಿದ್ದು. ಇಲ್ಲಿಯೂ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ಅದೇ.

ಆ ಲೋಕದಲ್ಲಿ ಗಟ್ಟಿ ಕೆಲಸ ಮಾಡಿದವರೆಲ್ಲ ಈ ಪ್ರಶ್ನೆಗೆ ತಮ್ಮದೇ ಉತ್ತರ ಕಂಡುಕೊಂಡಿದ್ದಾರೆ. ಚೀನಾದ ಕಲಾವಿದೆ ಸಾವ್ ಫೇ, ಚೈನಾ ಟ್ರೇಸಿ ಎಂಬ ಅವತಾರದಲ್ಲಿ, ಆರ್‌ಎಂಬಿ ಸಿಟಿ ಎಂಬ ಇಡೀ ನಗರವನ್ನೇ ಕಟ್ಟಿದರು. ಸಮುದ್ರದ ಮೇಲೆ ಒಂದರ ಮೇಲೊಂದು ಪೇರಿಸಿದ ಗೋಪುರಗಳು, ಕ್ರೇನಿನಿಂದ ನೇತಾಡುವ ಕಟ್ಟಡ, ತೇಲುವ ಪಾಂಡಾ. ಅವತಾರ ಹಾರಬಲ್ಲದು ಎಂಬುದನ್ನೇ ಹಿಡಿದು, ಹಾರುತ್ತಾ ನೋಡಲೆಂದು ಕಟ್ಟಿದ ಊರು ಅದು. 2011ರಲ್ಲಿ ಮುಗಿಯಿತು. ನಮ್ಮ ಟೊರಾಂಟೋದ ವರ್ಣಚಿತ್ರಕಾರ್ತಿಯೊಬ್ಬರು ಬ್ರಿನ್ ಓ ಎಂಬ ಹೆಸರಿನಲ್ಲಿ ಇಮ್ಮರ್ಸಿವಾ ಎಂಬ ದ್ವೀಪ ಕಟ್ಟಿದರು. ಅವರ ದಾರಿ ಇದಕ್ಕೆ ತದ್ವಿರುದ್ಧ. ಮಂಜು ಕವಿದ ಬಯಲು, ಇಕ್ಕಟ್ಟಾದ ಮೂಲೆಗಳು, ತುಕ್ಕು ಹಿಡಿದ ಯಂತ್ರದ ಕೀಟಗಳು. ಬಗ್ಗಿ, ಹುಡುಕಿ, ಹತ್ತಿರ ಹೋದರೆ ಮಾತ್ರ ಕಥೆ ಸಿಗುತ್ತದೆ. ನಾನು ಅಲ್ಲಿ ಎಷ್ಟೋ ರಾತ್ರಿ ಕಳೆದಿದ್ದೇನೆ.

ಸದ್ಯಕ್ಕೆ ಎರಡು ಕೆಲಸ ಮಾಡಿ. ಅವಳನ್ನು ಎದೆಮಟ್ಟದ ಜಗುಲಿಯ ಮೇಲೆ ಕೂರಿಸಿ. ಮುಂದೆ ತೀರಾ ಬಯಲು ಬಿಡಬೇಡಿ, ಬರುವ ದಾರಿ ಮೆಟ್ಟಿಲಿಳಿದು ಬರುವ ಹಾಗಿರಲಿ. ಅವಳ ಮುಖ ನೋಡುವವರಿಗಿಂತ ಮೇಲಿದ್ದರೆ ಅರ್ಧ ತೊಂದರೆ ಅಲ್ಲೇ ಕಳೆಯಿತು.

ಕರಿಎರಿ | ಭಾನುವಾರ, ಬೆಳಗ್ಗೆ 9:02

ಅಕ್ಕಾರ, ಹುಬ್ಬಳ್ಳಿಯಿಂದ ನಮಸ್ಕಾರ್ರಿ. ಕ್ಯಾಮೆರಾದ್ದು ಅಣ್ಣಾರು ಹೇಳ್ಯಾರ, ನಾ ನಿಮ್ಮ ಬೆರಳು ದಾರದ್ದು ಹೇಳ್ತೀನಿ.

ಅಪ್‌ಲೋಡ್ ಮಾಡುವಾಗ ಒಂದು ಮೆಶ್‌ಗೆ (ತ್ರಿಕೋನ ಜೋಡಿಸಿ ಮಾಡಿದ ಆಕಾರಕ್ಕ) ನಾಕು ರೂಪ ಕೇಳ್ತೈತಿ ನೋಡ್ರಿ: ಹತ್ತಿರದ್ದು, ನಡುವಿಂದು, ದೂರದ್ದು, ಭಾಳ ದೂರದ್ದು. ಅದಕ್ಕ ಎಲ್‌ಓಡಿ ಅಂತಾರ. ನೀವು ಮೊದಲನೇದು ಕೊಟ್ಟು ಉಳಿದ ಮೂರು ಅದಕ್ಕ ಬಿಟ್ಟೀರಿ, ಹೌದಲ್ರಿ? ಯಂತ್ರಕ್ಕ ಬೆರಳು ಯಾವುದು, ದಾರ ಯಾವುದು ಗೊತ್ತಿಲ್ರಿ. ತ್ರಿಕೋನ ಕಡಿಮಿ ಮಾಡು ಅಂದ್ರ ಸಣ್ಣದನ್ನ ಮೊದಲು ತಿಂತೈತಿ. ಆ ಮೂರನ್ನೂ ಕೈಯಿಂದನ ಮಾಡ್ರಿ. ದೂರದ ರೂಪದಾಗ ಮೂಗು, ಬಳಿ, ಸೆರಗಿನ ನೆರಿಗಿ ಯಾವುದೂ ಬ್ಯಾಡ. ಅಂಚಿನ ಗೆರಿ ಒಂದು ಉಳೀಬೇಕು. ಬೆನ್ನಿನ ಬಾಗು, ಮೊಣಕಾಲು, ಚಾಚಿದ ಕಾಲು, ಕೈಯಿಂದ ಹೆಬ್ಬೆರಳಿಗೆ ಹೋಗೋ ದಾರ. ದಾರ ಬರೇ ಮೂರು ಮೂಲಿ ಕೊಳವಿ ಇದ್ರೂ ಸಾಕು.

ಇನ್ನೊಂದು, ದಾರಾನ ಬ್ಯಾರೆ ವಸ್ತು ಮಾಡಬ್ಯಾಡ್ರಿ. ವಸ್ತು ಎಷ್ಟು ಸಣ್ಣದೋ ಅಷ್ಟು ಲಗೂನ ಅದು ಕೆಳಗಿನ ರೂಪಕ್ಕ ಇಳೀತೈತಿ. ಮೈಗೆ ಕೂಡಿಸಿ ಒಂದ ಮೆಶ್ ಮಾಡ್ರಿ, ಅವಳಿರೋತನಕ ದಾರಾನೂ ಇರ್ತೈತಿ. ನಾಕೂ ರೂಪದಾಗ ಮಟೀರಿಯಲ್ (ಮೈಮ್ಯಾಲಿನ ಬಣ್ಣ, ಹೊಳಪು) ಹೆಸರು ಒಂದ ಇರ್ಲಿ, ಇಲ್ಲಂದ್ರ ಅಪ್‌ಲೋಡ್ ಒಪ್ಪೂದಿಲ್ಲ. ಒಂದು ಮೆಶ್‌ಗೆ ಎಂಟು ಮಟೀರಿಯಲ್ ಮಿತಿ.

214 ಅಂದ್ರ ಭಾಳ ಆತ್ರಿ. ಗಾತ್ರ ದೊಡ್ಡದಾದಷ್ಟೂ, ದೂರದ ರೂಪದಾಗ ತ್ರಿಕೋನ ಹೆಚ್ಚಾದಷ್ಟೂ ಲೆಕ್ಕ ಏರ್ತೈತಿ. ಆಭರಣ, ನೆರಿಗಿ, ಜಡಿ ಎಲ್ಲಾನೂ ಜ್ಯಾಮಿತಿಯಾಗ ಇಡಬ್ಯಾಡ್ರಿ. ದೊಡ್ಡ ಮಾಡೆಲ್‌ನಿಂದ ನಾರ್ಮಲ್ ಮ್ಯಾಪ್‌ಗೆ, ಅಂದ್ರ ಉಬ್ಬು ತಗ್ಗು ಇದ್ದಂಗ ತೋರ್ಸೋ ಚಿತ್ರಕ್ಕ, ಬೇಕ್ ಮಾಡ್ರಿ (ಇಳಿಸ್ರಿ). ಗೇಮ್ ಕೆಲಸದಾಗ ನೀವು ದಿನಾ ಮಾಡೋದ ಅದು. ಸೆಕೆಂಡ್ ಲೈಫ್‌ನಾಗ 2013ರಿಂದ ಐತಿ.

ಪರೀಕ್ಷೆಗೆ ರೊಕ್ಕ ಸುಡಬ್ಯಾಡ್ರಿ. ಮುಖ್ಯ ಗ್ರಿಡ್‌ಗೆ (ಮಂದಿ ಓಡಾಡೋ ಲೋಕಕ್ಕ) ಅಗ್ನಿ ಅಂತ ಹೆಸರು, ಪರೀಕ್ಷೆಯ ಗ್ರಿಡ್‌ಗೆ ಅದಿತಿ ಅಂತ. ನಿಜವಾಗ್ಲೂ ಅವ ಹೆಸರು ಇಟ್ಟಾರ್ರಿ. ಅದಿತಿಯೊಳಗ ಹತ್ತು ಸಲ ಏರಿಸಿ, ಹತ್ತು ಸಲ ಅಳಿಸಿ ನೋಡ್ರಿ. ಸರಿ ಆದಮ್ಯಾಲೆ ಅಗ್ನಿಗೆ ತರ್ರಿ. ನಿಮ್ಮ ಪರದೆಯೊಳಗ ಎಲ್‌ಓಡಿ ಸಂಖ್ಯೆ 4ಕ್ಕ ಏರಿಸಿಕೊಂಡು (ಏರಿಸಿದಷ್ಟೂ ದೂರದಿಂದನೂ ಹತ್ತಿರದ ರೂಪ ಕಾಣ್ತೈತಿ) ನೋಡಬ್ಯಾಡ್ರಿ, ಬರೋ ಮಂದಿ ಹಂಗ ಇಟ್ಕೊಂಡಿರೂದಿಲ್ಲ.

ಮಡಿಲಿನಾಗ ನಡೆಯೋದಕ್ಕ: ಫಿಸಿಕ್ಸ್ ರೂಪಕ್ಕ (ಬಂದವರನ್ನ ತಡೆಯೋ ಕಾಣದ ಮೈಗೆ) ನಾಕೈದು ಡಬ್ಬಿ ಜೋಡಿಸಿದ ಒಂದು ಒರಟು ಮೈ ಕೊಡ್ರಿ, ಮೈಯೊಳಗಿಂದ ಹಾಯಾಕ ಬಿಡೋ ಫ್ಯಾಂಟಮ್ ಗುರುತು ತಗೀರಿ. ಅಷ್ಟ.

ಮುಂಡ್ಕೂರುದಾರಿ | ಭಾನುವಾರ, ಮಧ್ಯಾಹ್ನ 3:30

ನಾನು ಕಾರ್ಕಳದ ಕಡೆಯವ. ಕರಿಕಲ್ಲಿನ ಕೆಲಸವೇ ಜೀವನ. ಯಾರ ಮನಸ್ಸನ್ನೂ ನೋಯಿಸುವ ಇರಾದೆ ಇಲ್ಲ, ಆದರೆ ಒಂದು ಮಾತು ಕೇಳಬೇಕು ಅನ್ನಿಸಿತು.

ಕಲ್ಲಿಗೆ ಪೆಟ್ಟು ಹಾಕಿದರೆ ಅದು ಉತ್ತರ ಕೊಡುತ್ತದೆ. ಗಟ್ಟಿ ಕಲ್ಲು ಗಂಟೆಯ ಹಾಗೆ ಕೇಳುತ್ತದೆ, ಒಳಗೆ ಬಿರುಕಿದ್ದರೆ ಸದ್ದು ಸತ್ತುಹೋಗುತ್ತದೆ. ಆ ಸದ್ದು ಕೇಳಿಯೇ ಮುಂದಿನ ಪೆಟ್ಟು. ತಪ್ಪಿದರೆ ಹೋಯಿತು, ಹಿಂದೆ ಬರುವ ದಾರಿ ಇಲ್ಲ. ಆ ಹೆದರಿಕೆಯೇ ಕೈಯನ್ನು ತಿದ್ದುವುದು. ನೀವು ಹೇಳುವ ಜಾಗದಲ್ಲಿ ಸದ್ದಿಲ್ಲ, ಭಾರ ಇಲ್ಲ, ತಪ್ಪಿದರೆ ಒಂದು ಗುಂಡಿ ಒತ್ತಿದರೆ ಆಯಿತು. ಮುಟ್ಟಲಿಕ್ಕೂ ಆಗುವುದಿಲ್ಲ. ನಮ್ಮ ಬೆಟ್ಟದ ಮೇಲಿನ ಗೊಮ್ಮಟ 42 ಅಡಿ. 1432ರಲ್ಲಿ ನಿಲ್ಲಿಸಿದ್ದು. ಪಾದದ ಹತ್ತಿರ ನಿಂತಾಗ ಮೈ ಜುಂ ಅನ್ನುವುದು ಅದರ ಭಾರಕ್ಕೆ. ಹಾರಿಕೊಂಡು ಹೋಗಿ ಅವನ ಮೂಗಿನ ಮುಂದೆ ನಿಲ್ಲಬಹುದು ಅಂತಾದರೆ ಅವನು ಗೊಮ್ಮಟನಾಗಿ ಉಳಿದಾನಾ?

ಇದು ಚಿತ್ರಕಲೆಯ ಒಂದು ಬಗೆ ಅಂದರೆ ಒಪ್ಪುತ್ತೇನೆ. ಶಿಲ್ಪ ಅನ್ನಲಿಕ್ಕೆ ನನ್ನಿಂದ ಆಗುವುದಿಲ್ಲ.

ಹಳೇಪ್ರಿಮ್ | ಭಾನುವಾರ, ರಾತ್ರಿ 8:10

ನಿಮ್ಮ ಮಾತಿನಲ್ಲಿ ತೂಕವಿದೆ ಸ್ವಾಮಿ. ಒಂದು ವಿಷಯ ಮಾತ್ರ ಹೇಳುತ್ತೇನೆ: ಅಲ್ಲಿಯೂ ತಡೆಯೊಡ್ಡುವ ವಸ್ತು ಇತ್ತು. ನಾನು ಸೇರಿದಾಗ ನಮಗೆ ಸಿಗುತ್ತಿದ್ದದ್ದು ಪ್ರಿಮ್‌ಗಳು. ಡಬ್ಬ, ಕೊಳವೆ, ಗೋಲ, ಬಳೆ ಇಂಥ ಕೆಲವೇ ಆಕಾರ, ಒಂದೊಂದೂ ಹತ್ತು ಮೀಟರ್ ಮೀರುವಂತಿರಲಿಲ್ಲ. 256 ಮೀಟರ್ ಚೌಕದ ಇಡೀ ದ್ವೀಪಕ್ಕೆ 15,000 ಪ್ರಿಮ್. ಅವನ್ನೇ ತಿರುಚಿ, ಸೀಳಿ, ಟೊಳ್ಳು ಮಾಡಿ ಮನುಷ್ಯರನ್ನು ನಿಲ್ಲಿಸಿದವರಿದ್ದರು. ಸ್ಟಾರಾಕ್ಸ್ ಸ್ಟಾಟೋಸ್ಕಿ ಎಂಬ ಹೆಸರಿನ ಶಿಲ್ಪಿಯ ಮೂರ್ತಿಗಳ ಮುಂದೆ ನಿಂತು, ಇದು ಗೋಲದ ಯಾವ ಹೋಳು, ಇದು ಬಳೆಯ ಯಾವ ಚೂರು ಎಂದು ನಾವು ಲೆಕ್ಕ ಹಾಕುತ್ತಿದ್ದೆವು.

2007ರಲ್ಲಿ ಸ್ಕಲ್ಪ್ಟಿ ಬಂತು. ಒಂದು ಚಿಕ್ಕ ಚಿತ್ರದ ಕೆಂಪು, ಹಸಿರು, ನೀಲಿ ಬಣ್ಣಗಳೇ ಬಿಂದುವಿನ ಉದ್ದ, ಅಗಲ, ಎತ್ತರ. ನೋಡಲು ಕಾಮನಬಿಲ್ಲನ್ನು ಕಲಸಿದ ಹಾಗೆ. ಅದನ್ನು ಅಪ್‌ಲೋಡ್ ಮಾಡಿದರೆ ಒಂದು ಮುಖವಾಗಿ ಅರಳುತ್ತಿತ್ತು. ಸಿಗುತ್ತಿದ್ದದ್ದು ಸಾವಿರದಷ್ಟು ಬಿಂದು ಮಾತ್ರ. ಚಿತ್ರವನ್ನು ಸ್ವಲ್ಪ ಕುಗ್ಗಿಸಿ ಉಳಿಸಿದರೂ ಕೆನ್ನೆಯೆಲ್ಲ ಗಂಟುಗಂಟು. ಬ್ಲೆಂಡರ್‌ನಲ್ಲಿ ಮಾಡಿದ ಮೆಶ್ ಅನ್ನು ನೇರ ತರಲು ಸಾಧ್ಯವಾದದ್ದು 2011ರಲ್ಲಿ. ಆ ಮೊದಲಿನ ಕೆಲಸ ಮಾಡಿದವರಿಗೆ ವಸ್ತು ಒಡ್ಡುವ ತಡೆ ಏನೆಂದು ಚೆನ್ನಾಗಿ ಗೊತ್ತಿತ್ತು.

ಬಳಪದಕಲ್ಲು | ಸೋಮವಾರ, ರಾತ್ರಿ 11:55

ಕಾರ್ಕಳದ ಅಣ್ಣಾ, ನಿಮ್ಮ ಮಾತು ಓದಿ ಇಡೀ ದಿನ ಅದೇ ಯೋಚನೆ. ನೋವಾಗಿಲ್ಲ. ಅಪ್ಪನೂ ಇದನ್ನೇ ಕೇಳ್ತಾರೆ ಅಂತ ಗೊತ್ತಿತ್ತು, ಅದಕ್ಕೇ ಇಷ್ಟು ದಿನ ತೋರಿಸಿರಲಿಲ್ಲ.

ನಿನ್ನೆ ಊರಿಗೆ ಹೋಗಿದ್ದೆ. ಲ್ಯಾಪ್‌ಟಾಪ್ ಅವರ ಮುಂದಿಟ್ಟೆ. ಮೌಸ್ ಹಿಡಿಯೋಕೆ ಬರಲ್ಲ, ನಾನೇ ಸುತ್ತ ತಿರುಗಿಸಿ ತೋರಿಸಿದೆ. ಬಹಳ ಹೊತ್ತು ಸುಮ್ಮನೆ ನೋಡಿದರು. ಕಡೆಗೆ ಹೇಳಿದ್ದು ಒಂದೇ ಮಾತು: "ಇವಳ ಭಾರ ನೆಲಕ್ಕೆ ಇಳಿದಿಲ್ಲ ಮಗಾ. ಮಡಿಸಿದ ಕಾಲಿನ ಮೇಲೆ ಕೂತಿದ್ದಾಳೆ, ಆದರೆ ಆ ತೊಡೆ ಒತ್ತಿಲ್ಲ."

ಹೌದು. ಕಲ್ಲಿನಲ್ಲಾಗಿದ್ದರೆ ಭಾರ ತಾನಾಗೇ ಇರ್ತಿತ್ತು, ನಾನು ಅದನ್ನ ತೋರಿಸಬೇಕಿರಲಿಲ್ಲ. ಇಲ್ಲಿ ಭಾರ ಇಲ್ಲ ಅನ್ನೋ ಕಾರಣಕ್ಕೇ ಅದನ್ನ ಪೂರ್ತಿ ಆಕಾರದಲ್ಲೇ ಕೆತ್ತಬೇಕು. ತೊಡೆ ನೆಲಕ್ಕೆ ತಾಗುವ ಕಡೆ ಚಪ್ಪಟೆಯಾಗಬೇಕು, ಆ ಕಡೆ ಸೊಂಟ ಒಂದು ಬೆರಳು ಇಳಿಯಬೇಕು, ಅದಕ್ಕೆ ತಕ್ಕಂತೆ ಎದುರು ಭುಜ ಏರಬೇಕು. ರಾತ್ರಿಯೆಲ್ಲ ಕೂತು ಅಷ್ಟನ್ನೇ ತಿದ್ದಿದೆ.

ಹುಬ್ಬಳ್ಳಿಯ ಅಣ್ಣಾ ಹೇಳಿದ ನಾಲ್ಕು ರೂಪ ಮಾಡುವಾಗ ಇನ್ನೊಂದು ಹೊಳೀತು. ಅಪ್ಪ ಕಲ್ಲು ಶುರು ಮಾಡೋದೇ ಭಾಳ ದೂರದ ರೂಪದಿಂದ. ಮೊದಲ ದಿನ ಬರೀ ಮೊತ್ತ: ಬೆನ್ನೆಲ್ಲಿ, ಮಂಡಿಯೆಲ್ಲಿ. ಆಮೇಲೆ ಒರಟು ಕೆತ್ತನೆ. ಆಮೇಲೆ ಮುಖ, ಕೈ. ಕಡೆಗೆ ನಯಗೆಲಸ. ನಾನು ಮುಗಿದ ಶಿಲ್ಪದಿಂದ ಹಿಂದಕ್ಕೆ ತ್ರಿಕೋನ ಕಿತ್ತು ಹಾಕ್ತಾ ಇದ್ದೆ, ಅದಕ್ಕೇ ಎಲ್ಲ ಸೊಟ್ಟ ಆಗ್ತಿತ್ತು. ಈಗ ಮೊದಲ ದಿನದ ಕಲ್ಲನ್ನ ಕಣ್ಣಮುಂದೆ ತಂದುಕೊಂಡು ಅದನ್ನೇ ಹೊಸದಾಗಿ ಮಾಡಿದೆ. 60 ಮೀಟರ್ ದೂರದಿಂದ ಅವಳು ಯಾರು, ಏನು ಮಾಡ್ತಿದ್ದಾಳೆ ಅಂತ ಗೊತ್ತಾಗುತ್ತೆ. ಲ್ಯಾಂಡ್ ಇಂಪ್ಯಾಕ್ಟ್ 71ಕ್ಕೆ ಇಳೀತು.

ಮುಂಡ್ಕೂರುದಾರಿ | ಮಂಗಳವಾರ, ಬೆಳಗ್ಗೆ 7:20

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ತೊಡೆ ಒತ್ತಿಲ್ಲ ಅಂತ ಪರದೆಯ ಮೇಲೆ ಕಂಡುಹಿಡಿದರಲ್ಲ, ಅದು ಶಿಲ್ಪಿಯ ಕಣ್ಣು. ತಿದ್ದಿದ ಚಿತ್ರ ಹಾಕಿ, ನೋಡಬೇಕು.

ಆಗುಂಬೆಮಳೆ | ಮಂಗಳವಾರ, ರಾತ್ರಿ 9:45

ನಡುವೆ ಬಂದು ಬೇರೆ ವಿಷಯ ಎತ್ತುತ್ತಿದ್ದೇನೆ, ಆದರೆ ಬಳಪದಕಲ್ಲು ಅವರಿಗೆ ಈಗಲೇ ಹೇಳಬೇಕು. ಲಾಕ್‌ಡೌನ್ ಕಾಲದಲ್ಲಿ ನಾವು ಐದು ಜನ ಗೆಳತಿಯರು ಒಂದು ವರ್ಚುವಲ್ ಗ್ಯಾಲರಿಯಲ್ಲಿ ಪ್ರದರ್ಶನ ಮಾಡಿದ್ದೆವು. ನನ್ನವು ಹನ್ನೊಂದು ಶಿಲ್ಪ, ವಿಆರ್ ಕನ್ನಡಕ ಹಾಕಿಕೊಂಡು ಗಾಳಿಯಲ್ಲೇ ಕೈಯಾಡಿಸಿ ಮಾಡಿದವು. ಜಾಗ ನಡೆಸುತ್ತಿದ್ದವರು ಒಂದು ದಿನ ಮುಚ್ಚಿದರು. ಮಿಂಚಂಚೆ ಕಳಿಸಿದ್ದರಂತೆ, ನಾನು ಆಗ ಬಾಣಂತನದಲ್ಲಿದ್ದೆ, ನೋಡಿರಲಿಲ್ಲ. ಆರು ಶಿಲ್ಪಗಳು ಅಲ್ಲೇ ಹೋದವು, ಅವುಗಳ ಮೂಲ ಫೈಲ್ ನನ್ನ ಬಳಿ ಇರಲಿಲ್ಲ. ಅವುಗಳದ್ದಾಗಿ ಈಗ ಉಳಿದಿರುವುದು ಗೆಳತಿಯ ಮೊಬೈಲಿನಲ್ಲಿದ್ದ ನಲವತ್ತು ಸೆಕೆಂಡಿನ ವಿಡಿಯೋ. ಅದರಲ್ಲಿ ನನ್ನ ಅಜ್ಜಿಯ ಮುಖದ ಶಿಲ್ಪ ಒಂದು ಕ್ಷಣ ಹಾದುಹೋಗುತ್ತದೆ. ಅಷ್ಟೇ.

ಹಳೇಪ್ರಿಮ್ | ಬುಧವಾರ, ಬೆಳಗ್ಗೆ 6:30

ಓದಿ ಬಹಳ ಸಂಕಟವಾಯಿತಮ್ಮ. ಈ ಲೋಕಗಳು ಹೀಗೆ ಮುಚ್ಚುತ್ತಲೇ ಇರುತ್ತವೆ. ಗೂಗಲ್‌ನ ಲೈವ್ಲಿ 2008ರಲ್ಲಿ ಬಂದು ಅದೇ ವರ್ಷದ ಕೊನೆಗೆ ಹೋಯಿತು. ಆಲ್ಟ್‌ಸ್ಪೇಸ್ 2023ರ ಮಾರ್ಚ್‌ನಲ್ಲಿ, ಮೊಜಿಲ್ಲಾ ಹಬ್ಸ್ 2024ರ ಮೇ ಕೊನೆಗೆ. ಸೆಕೆಂಡ್ ಲೈಫ್ 2003ರಿಂದ ನಡೆಯುತ್ತಿದೆ, ಆದರೂ ಅಲ್ಲಿನ ದ್ವೀಪಗಳು ಬಾಡಿಗೆ ನಿಂತ ದಿನ ಮಾಯ. ಎಷ್ಟು ಒಳ್ಳೆಯ ಕೆಲಸಗಳು ಹಾಗೆ ಹೋದದ್ದನ್ನು ನೋಡಿದ್ದೇನೆ.

ನಾವು ಮಾಡಿದ್ದರ ಹಕ್ಕು ನಮ್ಮದೇ ಎಂದು ಸೆಕೆಂಡ್ ಲೈಫ್ ಶುರುವಾದ ವರ್ಷವೇ ಒಪ್ಪಿತು, ಆ ಕಾಲಕ್ಕೆ ಅದು ದೊಡ್ಡ ಮಾತು. ಆದರೆ ಹಕ್ಕಿದ್ದರೆ ಸಾಲದು, ಫೈಲ್ ಕೈಯಲ್ಲಿರಬೇಕು. ಬ್ಲೆಂಡರ್ ಮೂಲ, ನಾಲ್ಕೂ ರೂಪ, ಬೇಕ್ ಮಾಡಿದ ಚಿತ್ರಗಳು, ವಸ್ತುಗಳನ್ನು ನಡೆಸುವ ಸ್ಕ್ರಿಪ್ಟ್‌ಗಳನ್ನು ಬರೀ ಅಕ್ಷರದ ಫೈಲಾಗಿ, ಎಲ್ಲವನ್ನೂ ಎರಡು ಕಡೆ ಇಡಿ. ಅಲ್ಲೇ ಕಟ್ಟಿದ್ದನ್ನು ಫೈರ್‌ಸ್ಟಾರ್ಮ್ ವ್ಯೂವರ್‌ನಿಂದ (ಆ ಲೋಕವನ್ನು ನೋಡುವ ಒಂದು ಸಾಫ್ಟ್‌ವೇರ್) ಇಳಿಸಿಕೊಳ್ಳಬಹುದು, ಆದರೆ ಪ್ರತಿ ತುಂಡೂ ನೀವೇ ಮಾಡಿದ್ದಾಗಿರಬೇಕು. ಬೇರೆಯವರಿಂದ ಕೊಂಡ ಒಂದು ಕುಂಡ ಸೇರಿಸಿದ್ದರೂ ಅದು ಇಳಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಜಾಗವನ್ನು ಉಳಿಸಿ. ಬೆಳಕು ಯಾವ ಕಡೆಯಿಂದ, ಜಗುಲಿ ಎಷ್ಟೆತ್ತರ, ಎಷ್ಟು ಹೆಜ್ಜೆಯಿಂದ ಮುಖ ಕಾಣಲು ಶುರುವಾಗುತ್ತದೆ, ಇದೆಲ್ಲ ಬರೆದಿಡಿ. ನಿಧಾನವಾಗಿ ನಡೆದು ಬಂದು ಒಂದು ವಿಡಿಯೋ ಮಾಡಿ. ನಾನು ನನ್ನ ಹಳೆಯ ಕೆಲಸವನ್ನು ಅಂಥದೇ ಲೋಕ ನಡೆಸುವ ಓಪನ್‌ಸಿಮ್ಯುಲೇಟರ್ ಹಾಕಿದ ಮನೆಯ ಕಂಪ್ಯೂಟರಿನಲ್ಲಿ ಇಟ್ಟಿದ್ದೇನೆ. ಅದರಲ್ಲಿ ಇಡೀ ದ್ವೀಪವನ್ನು ಒಂದೇ ಫೈಲಾಗಿ ಎತ್ತಿಡಬಹುದು. ಭೇಟಿ ಕೊಡುವವರು ಯಾರೂ ಇಲ್ಲ, ಆದರೆ ಬಾಗಿಲು ತೆರೆದರೆ ಎಲ್ಲ ಇದ್ದಲ್ಲೇ ಇದೆ.

ಕರಿಎರಿ | ಬುಧವಾರ, ರಾತ್ರಿ 10:20

ಅಕ್ಕಾರ, ಕ್ಯಾಮೆರಾದ ಬಗ್ಗೆ ಒಂದು ಮಾತು ಬಿಟ್ಟಿದ್ನಿ. ಹೂ ಕಟ್ಟೋರ ಮುಂದ ನಾವು ನಿಂತು ನೋಡೂದಿಲ್ಲ, ಕುಕ್ಕರಗಾಲಿನ್ಯಾಗ ಕೂತು ಮೊಳ ಎಷ್ಟು ಅಂತ ಕೇಳ್ತೀವಿ. ಹಂಗ ಕೂಡಿಸ್ರಿ ಅವರನ್ನ. ಕೂಡೂಕ ಒಂದು ಮಣಿ ಇಡ್ರಿ. ಸ್ಕ್ರಿಪ್ಟ್‌ನಾಗ ಕೂಡೋ ಜಾಗ ಗೊತ್ತು ಮಾಡೋ ಫಂಕ್ಷನ್ ಐತಿ, ಕೂತವರ ಕ್ಯಾಮೆರಾದ ಕಣ್ಣು ಎಲ್ಲಿರಬೇಕು, ಯಾವ ಕಡೆ ನೋಡಬೇಕು ಅಂತ ಹೇಳೋ ಎರಡು ಫಂಕ್ಷನ್‌ನೂ ಅದಾವ. ಕಣ್ಣನ್ನ ಅವಳ ಮೊಣಕಾಲಿನ ಮಟ್ಟಕ್ಕ ಇಳಿಸಿ, ನೋಟ ದಾರದ ಮ್ಯಾಲೆ ಇಡ್ರಿ. ಕೂಡೂಕಿಂತ ಮೊದಲ ಅದು ಹೊಂದಿಸಿರಬೇಕು, ಕೂತಮ್ಯಾಲೆ ಬದಲಿಸಿದ್ರ ಆಗಲೇ ಕೂತವರಿಗೆ ಹತ್ತೂದಿಲ್ಲ.

ಬಳಪದಕಲ್ಲು | ಎರಡು ವಾರದ ನಂತರ, ಭಾನುವಾರ, ರಾತ್ರಿ 11:10

ಪ್ರದರ್ಶನ ಶುರುವಾಗಿ ಎರಡು ದಿನ ಆಯ್ತು. ಚಿತ್ರಗಳನ್ನ ಕೆಳಗೆ ಹಾಕಿದೀನಿ.

ಜಗುಲಿ ಇದೆ, ಮೆಟ್ಟಿಲಿಳಿದು ಬರಬೇಕು. ಸೂರ್ಯನನ್ನ ಬೆಳಗಿನ ಏಳು ಗಂಟೆಯ ಹಾಗೆ ಪಕ್ಕದಲ್ಲಿ ನಿಲ್ಲಿಸಿದೀನಿ, ತೊಡೆ ನೆಲಕ್ಕೆ ಒತ್ತಿರುವ ಕಡೆ ನೆರಳು ಬೀಳುತ್ತೆ. ಮಣೆ ಮೂರು ಇಟ್ಟೆ. ಎಲ್ಲರೂ ಕೂರಲ್ಲ. ಬಹಳ ಜನ ನಿಂತೇ ಒಂದು ಸುತ್ತು ಕ್ಯಾಮೆರಾ ತಿರುಗಿಸಿ ಹೊರಟುಬಿಡ್ತಾರೆ. ಒಬ್ಬರು ಹಾರಿ ಅವಳ ತಲೆಯ ಮೇಲೆ ನಿಂತರು. ಕಾರ್ಕಳದ ಅಣ್ಣಾ ಹೇಳಿದ್ದು ನೆನಪಾಗಿ ಹೊಟ್ಟೆ ಹಿಂಡಿದ ಹಾಗಾಯ್ತು. ಆ ಜಾಗದಲ್ಲಿ ಹಾರೋದನ್ನ ನಿಲ್ಲಿಸುವ ಸೌಕರ್ಯ ಇದೆ, ಗ್ಯಾಲರಿಯವರು ಹಾಕಿಕೊಟ್ಟರು.

ಕೂತವರು ಮಾತ್ರ ಬೇಗ ಏಳಲ್ಲ. ನಿನ್ನೆ ಒಬ್ಬರು ಮುಕ್ಕಾಲು ಗಂಟೆ ಕೂತಿದ್ದರು. ಯಾವ ದೇಶದವರೋ ಗೊತ್ತಿಲ್ಲ. ಹೊರಡುವಾಗ ಚಾಟ್‌ನಲ್ಲಿ ಕೇಳಿದರು: ಹೆಬ್ಬೆರಳಿಗೆ ದಾರ ಯಾಕೆ ಸುತ್ತಿದ್ದಾಳೆ? ದಾರ ಬಿಗಿಯಾಗಿರಲಿ ಅಂತ, ಎರಡು ಕೈಯೂ ಹೂವಿಗೆ ಬೇಕಲ್ಲ, ಅಂತ ಬರೆದೆ. ಅವರು ಮತ್ತೆ ಬಂದು ಕೂತರು.

ಅಪ್ಪ ತಿದ್ದಿದ್ದನ್ನ ನೋಡಿದರು. ತೊಡೆ ಈಗ ಸರಿ ಅಂದರು. ಎಡಗೈಯ ಮಣಿಕಟ್ಟು ಇನ್ನೂ ಬಿಗಿ ಇದೆಯಂತೆ, ವರ್ಷಗಟ್ಟಲೆ ಹೂ ಕಟ್ಟಿದವರ ಕೈ ಅಷ್ಟು ಬಿಗಿ ಇರಲ್ಲವಂತೆ. ಈ ವಾರ ಅದನ್ನೇ ತಿದ್ದಿ ನಾಲ್ಕೂ ರೂಪ ಮತ್ತೆ ಅದಿತಿಗೆ ಏರಿಸ್ತೀನಿ. ಆಗುಂಬೆಮಳೆ ಅಕ್ಕಾ, ಫೈಲ್‌ಗಳು ಎರಡು ಕಡೆ ಇಟ್ಟಿದೀನಿ. ಇನ್ನೊಂದು ಪ್ರತಿ ಊರಲ್ಲಿ ಅಪ್ಪನ ಚಾಣದ ಪೆಟ್ಟಿಗೆಯಲ್ಲಿದೆ.

ಮುಂಡ್ಕೂರುದಾರಿ | ಸೋಮವಾರ, ಬೆಳಗ್ಗೆ 7:05

ಮೂರನೇ ಚಿತ್ರ ದೊಡ್ಡದು ಮಾಡಿ ನೋಡಿದೆ. ಸೊಂಟ ಚೆನ್ನಾಗಿ ಇಳಿದಿದೆ. ಮಣಿಕಟ್ಟಿನ ವಿಷಯದಲ್ಲಿ ನಿಮ್ಮ ತಂದೆಯವರು ಹೇಳಿದ್ದು ಸರಿ. ಕಿರುಬೆರಳನ್ನೂ ಸ್ವಲ್ಪ ಸಡಿಲ ಮಾಡಿ ನೋಡಿ, ಅದು ಮಣಿಕಟ್ಟಿನ ಜೊತೆಗೇ ಹೋಗುವುದು.